ಸಾಗರದಾಚೆಯ ತವರುಮನೆ



ವಿದ್ಯೆಗಾಗಿ ಮನೆ ಬಿಟ್ಟು ಹೊರಟವರು ಪರಸ್ಥಳದ ಮೊದಲ ರಾತ್ರಿಯನ್ನು ಎಂದೂ ಮರೆಯಲಾರರು. ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಒಂದು ಟ್ರಂಕನ್ನೂ ಒಂದು ಹಾಸಿಗೆಯ ಸುರುಳಿಯನ್ನೂ ಹೊತ್ತು ಪ್ರಸಾದನಿಲಯದ ಬಾಗಿಲಿಗೆ ಬಂದವರು. ಆ ದಿನ ಯಾರೋ ಒಬ್ಬರು "ಉಂಡೆಯೇನಪ್ಪಾ?" ಎಂದು ಕೇಳಿದಾಗಲೇ ನಿಮ್ಮ ಕಣ್ಣೀರು ನಿಂತಿರಬೇಕು. ಈಗ ನಿಮ್ಮ ಮಕ್ಕಳೂ ಮೊಮ್ಮಕ್ಕಳೂ ವಿದ್ಯಾರ್ಜನೆಗಾಗಿ ಸಾಗರವನ್ನೇ ದಾಟುತ್ತಿದ್ದಾರೆ. ಶುಲ್ಕ, ಪ್ರಯಾಣದ ವೆಚ್ಚ, ವಿಶ್ವವಿದ್ಯಾಲಯದ ಹಿರಿಮೆ ಇವೆಲ್ಲವನ್ನೂ ವಿಚಾರಿಸಿಕೊಂಡ ತಾಯಿ ಕೊನೆಯಲ್ಲಿ ಕೇಳುವುದು ಒಂದೇ ಮಾತು: "ಅಲ್ಲಿ ನನ್ನ ಮಗುವಿಗೆ ನಮ್ಮವರೆನ್ನುವವರು ಯಾರಿದ್ದಾರೆ?"

ಈ ಪ್ರಶ್ನೆ ಹೊಸದಲ್ಲ. ನೂರನಾಲ್ವತ್ತು ವರುಷಗಳ ಹಿಂದೆ ಹದಿನೆಂಟು ವಯಸ್ಸಿನ ಒಬ್ಬ ತರುಣಿಯ ಜೀವನದಲ್ಲಿ ಅದು ಎದುರಾಗಿತ್ತು. ಅದಕ್ಕೆ ದೊರೆತ ಉತ್ತರವೂ ಇತಿಹಾಸದಲ್ಲಿ ದಾಖಲಾಗಿದೆ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ತರುಣಿಯೇ ಆನಂದಿಬಾಯಿ ಜೋಶಿ. 1865ನೆಯ ಇಸವಿಯ ಮಾರ್ಚ್ 31ರಂದು ಜನಿಸಿದ ಆಕೆ ಬೆಳೆದದ್ದು ಮುಂಬಯಿಯ ಸಮೀಪದ ಕಲ್ಯಾಣದಲ್ಲಿ. ತವರಿನಲ್ಲಿ ಇಟ್ಟ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿನಲ್ಲಿ, ತನಗಿಂತ ಸುಮಾರು ಇಪ್ಪತ್ತು ವರುಷ ಹಿರಿಯರಾದ, ಅಂಚೆ ಇಲಾಖೆಯ ನೌಕರ ಗೋಪಾಲರಾವ್ ಜೋಶಿಯವರೊಡನೆ ವಿವಾಹವಾಯಿತು. ಗೋಪಾಲರಾಯರು ಹೆಂಡತಿಗೆ ಹಟ ಹಿಡಿದು ಓದು ಕಲಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಗಂಡುಮಗು ಸರಿಯಾದ ಚಿಕಿತ್ಸೆ ದೊರೆಯದೆ ಹತ್ತೇ ದಿನಗಳಲ್ಲಿ ತೀರಿಕೊಂಡಿತು. ಆ ದುಃಖದಿಂದಲೇ, ತಾನು ವೈದ್ಯಳಾಗಬೇಕೆಂಬ ಸಂಕಲ್ಪ ಆಕೆಯಲ್ಲಿ ದೃಢವಾಯಿತು.

ಗೋಪಾಲರಾಯರು ಪತ್ನಿಯ ವಿದ್ಯಾಭ್ಯಾಸಕ್ಕೆ ನೆರವು ಕೋರಿ ರಾಯಲ್ ವೈಲ್ಡರ್ ಎಂಬ ಅಮೇರಿಕದ ಮಿಶನರಿಗೆ ಪತ್ರ ಬರೆದರು. ಬಂದ ಉತ್ತರದ ತಾತ್ಪರ್ಯವೆಂದರೆ, ಮೊದಲು ದಂಪತಿಗಳು ಕ್ರೈಸ್ತಮತವನ್ನು ಸ್ವೀಕರಿಸಬೇಕು ಎಂಬುದು. ಇಬ್ಬರೂ ಅದಕ್ಕೆ ಒಪ್ಪಲಿಲ್ಲ. ಆದರೆ ವೈಲ್ಡರರು ಈ ಪತ್ರವ್ಯವಹಾರವನ್ನು ತಮ್ಮ ಮಿಶನರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 1880ರಲ್ಲಿ ನ್ಯೂಜರ್ಸಿ ಪ್ರಾಂತದ ರೋಸೆಲ್ ಎಂಬ ಊರಿನ ಗೃಹಿಣಿ ಥಿಯೋಡಿಶಿಯಾ ಕಾರ್ಪೆಂಟರ್ ಎಂಬವರು ದಂತವೈದ್ಯರಲ್ಲಿಗೆ ಹೋಗಿ ತಮ್ಮ ಸರದಿಗಾಗಿ ಕಾಯುತ್ತಿದ್ದಾಗ ಆ ಪತ್ರಿಕೆ ಅವರ ಕೈಗೆ ಸಿಕ್ಕಿತು. ಓದಿದೊಡನೆ ಅವರ ಮನಸ್ಸು ಕರಗಿತು. ಆ ತರುಣಿ ಅಮೇರಿಕಕ್ಕೆ ಬಂದರೆ ತಮ್ಮ ಮನೆಯಲ್ಲಿ ಇರಬಹುದೆಂದು ಅವರು ಬರೆದರು.

ವಾಚಕರೇ, ಈ ಎರಡು ಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಎರಡನ್ನೂ ಬರೆದವರು ಒಂದೇ ದೇಶದವರು. ಒಂದು ಮನೆಯ ಬಾಗಿಲು "ನೀನು ನಮ್ಮಂತಾದರೆ ಒಳಗೆ ಬಾ" ಎಂದಿತು. ಇನ್ನೊಂದು ಬಾಗಿಲು "ನೀನು ಇದ್ದಂತೆಯೇ ಬಾ" ಎಂದಿತು. ಆತಿಥ್ಯಕ್ಕೂ ಅನುಗ್ರಹದ ವ್ಯಾಪಾರಕ್ಕೂ ಇರುವ ಅಂತರ ಇಷ್ಟೇ.

ಮುಂದೆ ಮೂರು ವರುಷಗಳ ಕಾಲ ಇಬ್ಬರ ನಡುವೆ ಪತ್ರಗಳು ಹರಿದಾಡಿದವು. ತಮ್ಮ ತಮ್ಮ ದೇಶದ ನಡೆನುಡಿ, ಹಬ್ಬಹರಿದಿನ, ಮನೆವಾರ್ತೆಗಳನ್ನು ಒಬ್ಬರಿಗೊಬ್ಬರು ತಿಳಿಸಿಕೊಂಡರು. ಆನಂದಿಬಾಯಿಯವರು ಕಾರ್ಪೆಂಟರರನ್ನು ಚಿಕ್ಕಮ್ಮನೆಂದೇ ಸಂಬೋಧಿಸತೊಡಗಿದರು. ಕಲಕತ್ತೆಯಲ್ಲಿದ್ದಾಗ ತಲೆನೋವು, ಜ್ವರಗಳಿಂದ ನರಳುತ್ತಿದ್ದ ಈ ಮಗಳಿಗೆ ಆ ಚಿಕ್ಕಮ್ಮ ಅಮೇರಿಕದಿಂದ ಔಷಧ ಕಳುಹಿಸಿದರು. ಮುಖ ಕಾಣುವ ಮೊದಲೇ ಬಾಂಧವ್ಯ ಬೆಳೆದಿತ್ತು. ಮನೆ ಸೇರುವುದಕ್ಕೆ ಮುಂಚೆ ಮನಸ್ಸು ಸೇರಿತ್ತು.

ಇತ್ತ ಸ್ವದೇಶದಲ್ಲಿ ನಿಂದೆ ಹೆಚ್ಚಿತು. ವಿವಾಹಿತೆಯಾದ ಬ್ರಾಹ್ಮಣ ಸ್ತ್ರೀ ಗಂಡನನ್ನು ಬಿಟ್ಟು ಸಮುದ್ರ ದಾಟುವುದೆಂದರೆ ಆ ಕಾಲಕ್ಕೆ ಬಹಿಷ್ಕಾರವನ್ನು ಕೈಬೀಸಿ ಕರೆದಂತೆ. 1883ರ ಫೆಬ್ರುವರಿಯಲ್ಲಿ ಬಂಗಾಲದ ಸೇರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿಯವರು ಸಾರ್ವಜನಿಕರ ಮುಂದೆ ನಿಂತು, ತಾನು ಹೋಗುವುದೇಕೆ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳಿ ಬರುವೆನೆಂದು ಮಾತು ಕೊಟ್ಟರು. ಏಪ್ರಿಲ್ 7ರಂದು ಕಲಕತ್ತೆಯಿಂದ ಹಡಗು ಹೊರಟಿತು. ಜೊತೆಗಿದ್ದವರು ಪರಿಚಯದ ಮಿಶನರಿ ಮಹಿಳೆಯರು. ಸುಮಾರು ಎರಡು ತಿಂಗಳ ಪ್ರಯಾಣದ ಬಳಿಕ ಜೂನ್ 4ರಂದು ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಎದುರುಗೊಂಡವರು ಅದೇ ಚಿಕ್ಕಮ್ಮ.

ಆ ಬೇಸಗೆಯನ್ನು ಆನಂದಿಬಾಯಿಯವರು ರೋಸೆಲಿನ ಮನೆಯಲ್ಲಿ ಕಳೆದರು. ಶಾಕಾಹಾರವನ್ನು ಬಿಡಲಿಲ್ಲ, ಸೀರೆಯನ್ನು ಬಿಡಲಿಲ್ಲ, ಕುಂಕುಮವನ್ನು ಅಳಿಸಲಿಲ್ಲ. ಬಿಡೆಂದು ಆ ಮನೆಯವರು ಕೇಳಲೂ ಇಲ್ಲ. ಆದರೆ ಆಕೆ ಏನನ್ನೂ ಬದಲಿಸಿಕೊಳ್ಳಲಿಲ್ಲವೆಂದು ಯಾರೂ ಭಾವಿಸಬಾರದು. ಮರಾಠೀ ಪದ್ಧತಿಯ ಕಚ್ಚೆಸೀರೆಯಲ್ಲಿ ಕಾಲು ಪೂರ್ಣವಾಗಿ ಮುಚ್ಚುತ್ತಿರಲಿಲ್ಲ. ಅಲ್ಲಿಯ ಚಳಿಗೂ ಶಿಷ್ಟಾಚಾರಕ್ಕೂ ಅದು ಹೊಂದುತ್ತಿರಲಿಲ್ಲ. ಆದುದರಿಂದ ಗುಜರಾತಿ ರೀತಿಯಲ್ಲಿ ಸೀರೆ ಉಡತೊಡಗಿದರು. ಉಡುವ ರೀತಿ ಬದಲಾಯಿತು, ಉಟ್ಟದ್ದು ಸೀರೆಯೇ. ಬದಲಾಗಬಹುದಾದುದು ಯಾವುದು, ಬದಲಾಗಬಾರದುದು ಯಾವುದು ಎಂಬ ವಿವೇಕ ಇಲ್ಲಿ ಕಾಣುತ್ತದೆ. ಇದು ಅತಿಥಿಯಾದವರು ಕಲಿಯಬೇಕಾದ ಪಾಠ.

ಅದೇ ಕಾಲದ ಇನ್ನೆರಡು ನಿದರ್ಶನಗಳನ್ನು ಇಲ್ಲಿ ಸ್ಮರಿಸಬಹುದು. 1878ರಲ್ಲಿ ಇಂಗ್ಲೆಂಡಿಗೆ ಹೋದ ರವೀಂದ್ರನಾಥ ಠಾಕೂರರು ಲಂಡನ್ನಿನಲ್ಲಿ ಸ್ಕಾಟ್ ಎಂಬ ವೈದ್ಯರ ಮನೆಯಲ್ಲಿ ತಂಗಿದ್ದರು. ಭಾರತೀಯನೊಬ್ಬ ಮನೆಗೆ ಬರುತ್ತಾನೆಂದು ಕೇಳಿ, ಆ ವೈದ್ಯರ ಕಿರಿಯ ಹೆಣ್ಣುಮಕ್ಕಳಿಬ್ಬರು ಹೆದರಿ ಬಂಧುಗಳ ಮನೆಗೆ ಹೋಗಿಬಿಟ್ಟಿದ್ದರಂತೆ! ಬಂದವನಿಂದ ಅಪಾಯವಿಲ್ಲವೆಂದು ತಿಳಿದ ಮೇಲೆ ಮರಳಿದರು. ಕೆಲವೇ ದಿನಗಳಲ್ಲಿ ಆ ಮನೆಯೊಡತಿ ರವೀಂದ್ರರನ್ನು ಮಗನಂತೆ ಕಂಡರು. ಹತ್ತು ವರುಷಗಳ ಬಳಿಕ, 1888ರಲ್ಲಿ, ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರ ಕಷ್ಟ ಬೇರೆ ಬಗೆಯದು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಅವರಿಗೆ ಏನು ಬಡಿಸಬೇಕೆಂಬುದೇ ಮನೆಯೊಡತಿಗೆ ತಿಳಿಯದು. ಆಕೆಯ ಹೆಣ್ಣುಮಕ್ಕಳು ಒಂದೆರಡು ತುಂಡು ರೊಟ್ಟಿಯನ್ನು ಹೆಚ್ಚಾಗಿ ಕೊಡುತ್ತಿದ್ದರು. ಇನ್ನೂ ಬೇಕೆಂದು ಕೇಳಲು ಗಾಂಧಿಯವರಿಗೆ ಸಂಕೋಚ. ಫ್ಯಾರಿಂಗ್ಡನ್ ರಸ್ತೆಯಲ್ಲಿ ಶಾಕಾಹಾರಿ ಭೋಜನಶಾಲೆಯೊಂದು ಕಣ್ಣಿಗೆ ಬಿದ್ದ ದಿನವೇ ಅವರಿಗೆ ಆ ದೇಶದಲ್ಲಿ ಮೊದಲ ಬಾರಿ ಹೊಟ್ಟೆ ತುಂಬಿತು. ಆತಿಥೇಯರ ಅಂಜಿಕೆ ಒಂದೆಡೆ, ಅತಿಥಿಯ ಸಂಕೋಚ ಇನ್ನೊಂದೆಡೆ. ಪರಿಚಯವಿಲ್ಲದ ಮನೆಯಲ್ಲಿ ಮೊದಲು ದಾಟಬೇಕಾದ ಹೊಸ್ತಿಲುಗಳು ಇವೇ. ಆನಂದಿಬಾಯಿ ಮತ್ತು ಕಾರ್ಪೆಂಟರರು ಅವನ್ನು ಮೂರು ವರುಷಗಳ ಪತ್ರಗಳಲ್ಲಿ ಮೊದಲೇ ದಾಟಿದ್ದರು.

ಆದರೆ ಒಬ್ಬ ತಾಯಿಯ ಮಡಿಲು ಇಡೀ ದೇಶದ ಚಳಿಯನ್ನು ತಡೆಯಲಾರದು. 1883ರ ಶರತ್ಕಾಲದಲ್ಲಿ ಆನಂದಿಬಾಯಿಯವರು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. ಅಲ್ಲಿಯ ಪ್ರಾಚಾರ್ಯೆ ರೇಚೆಲ್ ಬಾಡ್ಲಿಯವರು ಆದರದಿಂದ ಬರಮಾಡಿಕೊಂಡರು. ಆದರೂ ಆಕೆಗೆ ದೊರೆತ ಕೋಣೆಯ ಅಗ್ಗಿಷ್ಟಿಕೆ ವಿಪರೀತ ಹೊಗೆಯಾಡುತ್ತಿತ್ತು. ಹೊತ್ತಿಸಿದರೆ ಹೊಗೆ, ಹೊತ್ತಿಸದಿದ್ದರೆ ಚಳಿ. ಒಗ್ಗದ ಹವೆ, ಸಾಲದ ಆಹಾರ, ಎಡೆಬಿಡದ ಓದು. ಮೊದಲೇ ಕೃಶವಾಗಿದ್ದ ದೇಹ ಕ್ಷಯರೋಗಕ್ಕೆ ತುತ್ತಾಯಿತು. ಆದರೂ ಆಕೆ ಓದನ್ನು ನಿಲ್ಲಿಸಲಿಲ್ಲ. ಪ್ರಾಚೀನ ಹಿಂದುಗಳ ಪ್ರಸೂತಿವಿದ್ಯೆಯ ಮೇಲೆ ಪ್ರಬಂಧ ಬರೆದು, 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು. ಆ ಸಮಾರಂಭದಲ್ಲಿ ಗೋಪಾಲರಾಯರೂ ಇದ್ದರು, ಪಂಡಿತಾ ರಮಾಬಾಯಿಯವರೂ ಇದ್ದರು.

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಸ್ತ್ರೀವಿಭಾಗದ ವೈದ್ಯಾಧಿಕಾರಿಣಿಯಾಗಿ ಆಕೆಯ ನೇಮಕವಾಯಿತು. ಆ ವರುಷದ ಕೊನೆಯಲ್ಲಿ ಸ್ವದೇಶಕ್ಕೆ ಮರಳಿದಾಗ ಜನ ಸಂಭ್ರಮದಿಂದ ಸ್ವಾಗತಿಸಿದರು. ಆದರೆ ಆ ಅಧಿಕಾರವನ್ನು ವಹಿಸಿಕೊಳ್ಳುವಷ್ಟು ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ಆಕೆ ಕೊನೆಯುಸಿರೆಳೆದರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು.

ವಾಚಕರೇ, ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಹೇಳಬೇಕೆಂದಿರುವುದು ಮುಂದಿನ ಮಾತು. ಆನಂದಿಬಾಯಿಯವರ ಚಿತಾಭಸ್ಮವನ್ನು ಥಿಯೋಡಿಶಿಯಾ ಕಾರ್ಪೆಂಟರರಿಗೆ ಕಳುಹಿಸಲಾಯಿತು. ಅವರು ಅದನ್ನು ನ್ಯೂಯಾರ್ಕ್ ಪ್ರಾಂತದ ಪೋಕಿಪ್ಸಿಯಲ್ಲಿರುವ ತಮ್ಮ ಕುಟುಂಬದ ಸಮಾಧಿಸ್ಥಳದಲ್ಲಿ ಇರಿಸಿದರು. ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುವೆನೆಂದು ಕೊಟ್ಟ ಮಾತನ್ನು ಆಕೆ ಅಕ್ಷರಶಃ ನಡೆಸಿದ್ದರು. ಅವರ ಮತ ಬೇರೆ, ಆಕೆಯ ಮತ ಬೇರೆ. ಆದರೂ ತಮ್ಮ ಹಿರಿಯರ ಸಾಲಿನಲ್ಲಿ ಆಕೆಗೆ ಸ್ಥಳ ಕೊಡುವಾಗ ಆ ತಾಯಿ ಯಾವ ಷರತ್ತನ್ನೂ ಹಾಕಲಿಲ್ಲ.

ಆಚಾರನಿಷ್ಠೆ ಹೆಚ್ಚೋ ಪ್ರಾಣ ಹೆಚ್ಚೋ ಎಂದು ಈ ಚರಿತ್ರೆಯನ್ನು ಓದಿದವರು ಕೇಳಬಹುದು. ಉಡುವ ಬಗೆಯನ್ನು ಬದಲಿಸಿಕೊಂಡಂತೆ ಹವೆಗೆ ತಕ್ಕ ಉಡುಪನ್ನೂ ಪುಷ್ಟಿಕರ ಆಹಾರವನ್ನೂ ಆಕೆ ಇನ್ನಷ್ಟು ಹೊಂದಿಸಿಕೊಂಡಿದ್ದರೆ ಒಳಿತಾಗುತ್ತಿತ್ತೆಂದೇ ನಮಗೆ ಅನಿಸುತ್ತದೆ. ಬೆಚ್ಚನೆಯ ಅಂಗಿ ತೊಟ್ಟ ಮಾತ್ರಕ್ಕೆ ಯಾರ ಧರ್ಮವೂ ಕೆಡುವುದಿಲ್ಲ. ಆದರೆ ಆ ಹೊಂದಾಣಿಕೆಯನ್ನು ಅತಿಥಿ ತಾನಾಗಿ ಮಾಡಿಕೊಳ್ಳಬೇಕು. ಆತಿಥೇಯನು ಅದನ್ನು ಅನ್ನದ ಬೆಲೆಯಾಗಿ ಕೇಳಬಾರದು.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮ ಸೂಚನೆಯಿಷ್ಟು: ಅವರು ಇರಲಿರುವ ಮನೆಯವರೊಡನೆ ಮೊದಲೇ ಮಾತುಕತೆ ಬೆಳೆಸಿರಿ. ಉಣ್ಣುವುದೇನು, ಉಣ್ಣದಿರುವುದೇನು ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿರಿ. ಹಸಿವನ್ನೂ ಜಾಡ್ಯವನ್ನೂ ಮುಚ್ಚಿಡಬಾರದೆಂದು ಮಕ್ಕಳಿಗೆ ಹೇಳಿ ಕಳುಹಿಸಿರಿ. ಇನ್ನು ನಿಮ್ಮೂರಿಗೇ ಓದಲು ಬಂದು, ನಿಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿರುವ ಪರಸ್ಥಳದ ವಿದ್ಯಾರ್ಥಿ ಒಬ್ಬನಿದ್ದರೆ, ಈ ಸಂಜೆ ಒಮ್ಮೆ ಅವನ ಬಾಗಿಲು ತಟ್ಟಿ "ಉಂಡೆಯೇನಪ್ಪಾ?" ಎಂದು ಕೇಳಿರಿ. ಅವನ ಕುಲಗೋತ್ರಗಳನ್ನು ಮಾತ್ರ ಕೇಳಬೇಡಿರಿ.