ಮಗಳ ಪರವಾಗಿ ಮಲಗಿದ ತಾಯಿ

ಸ್ಪಾರ್ಟಾದ ಅರಾಟಾ ಎಂಬ ಹೆಣ್ಣುಮಗಳಿಗೆ ಜಲೋದರ. ಅವಳನ್ನು ಊರಲ್ಲೇ ಬಿಟ್ಟು ತಾಯಿಯೊಬ್ಬಳೇ ಎಪಿಡೌರಸ್‌ಗೆ ಹೋಗಿ, ಅಲ್ಲಿನ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿಯಲ್ಲಿ ಮಗಳ ಪರವಾಗಿ ಮಲಗಿದಳು. ಕನಸಿನಲ್ಲಿ ದೇವರು ಬಂದು ಮಗಳ ತಲೆ ಕತ್ತರಿಸಿ, ಮುಂಡವನ್ನು ಕತ್ತು ಕೆಳಗಾಗಿ ತೂಗುಹಾಕಿ, ನೀರೆಲ್ಲ ಸೋರಿಹೋದ ಮೇಲೆ ತಲೆಯನ್ನು ಮತ್ತೆ ಜೋಡಿಸಿದ. ತಾಯಿ ಮರಳಿ ಬಂದು ನೋಡಿದರೆ ಮಗಳು ಗುಣವಾಗಿದ್ದಳು. ಅವಳಿಗೂ ಅದೇ ಕನಸು ಬಿದ್ದಿತ್ತಂತೆ.

ಕ್ರಿ.ಪೂ. 4ನೇ ಶತಮಾನದ ಕಲ್ಲಿನ ಮೇಲಿರುವ ಈ ಕತೆಯನ್ನು ನಾನು ಓದಿದ್ದು ಪಿಎಚ್‌ಡಿಯ ಮೊದಲ ವರ್ಷ. ಆಗ ನಕ್ಕಿದ್ದೆ. ಎರಡು ವರ್ಷಗಳ ನಂತರ ಅಮ್ಮನನ್ನು ಐಸಿಯುಗೆ ಸೇರಿಸಿದಾಗ ಹನ್ನೊಂದು ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದೆ. ಒಳಗೆ ಬಿಡುತ್ತಿರಲಿಲ್ಲ, ಹೊರಗೆ ನಾನು ಮಾಡುವಂಥದ್ದೇನೂ ಇರಲಿಲ್ಲ. ಆದರೂ ಮನೆಗೆ ಹೋಗಿ ಮಲಗಲು ಮನಸ್ಸು ಒಪ್ಪಲಿಲ್ಲ. ಅಲ್ಲಿ ಸಾಲಾಗಿ ಮಲಗಿದ್ದವರಲ್ಲಿ ಯಾರಿಗೂ ಒಪ್ಪಿರಲಿಲ್ಲ. ಅರಾಟಾಳ ತಾಯಿ ನೆನಪಾದದ್ದು ಅಲ್ಲಿ.

ಇಂಥ ಆಚರಣೆಗಳನ್ನು ಪಠ್ಯಗಳು ‘ಪೇಗನ್’ ಎಂಬ ಹೆಸರಿನಡಿ ಇಡುತ್ತವೆ. ಅದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಹಳ್ಳಿಯವನು ಎಂಬರ್ಥದ ಲ್ಯಾಟಿನ್ ಪದವನ್ನು ಮುಂದೆ ಕ್ರೈಸ್ತರು ತಮ್ಮವರಲ್ಲದವರಿಗೆ ಅಂಟಿಸಿದರು. ಆ ಪದದ ಜೊತೆಗೇ ಒಂದು ಸುಲಭದ ತೀರ್ಮಾನವೂ ಬರುತ್ತದೆ: ಒಂದು ಕಡೆ ಗುಡಿ, ಕನಸು, ಮೂಢನಂಬಿಕೆ, ಇನ್ನೊಂದು ಕಡೆ ಹಿಪ್ಪೊಕ್ರೆಟಿಸ್ ಮತ್ತು ವೈದ್ಯಶಾಸ್ತ್ರ. ದಾಖಲೆಗಳು ಅಷ್ಟು ಸಲೀಸಾಗಿ ಎರಡು ಪಾಲಾಗುವುದಿಲ್ಲ. ಅಪಸ್ಮಾರ ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಅದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸುವ ಗ್ರಂಥ ಹಿಪ್ಪೊಕ್ರೆಟಿಸನ ಪರಂಪರೆಯದೇ. ಅದೇ ಪರಂಪರೆಯ ವೈದ್ಯರ ಪ್ರತಿಜ್ಞೆ ಶುರುವಾಗುವುದು ಅಪೊಲೊ, ಅಸ್ಕ್ಲೀಪಿಯಸ್, ಅವನ ಮಕ್ಕಳಾದ ಹೈಜಿಯಾ ಮತ್ತು ಪ್ಯಾನಸೀಯಾರ ಮೇಲಿನ ಆಣೆಯಿಂದ. ರೋಮನ್ ಕಾಲದ ಮಹಾವೈದ್ಯ ಗ್ಯಾಲನ್ ಅಂಗರಚನೆಗಾಗಿ ಪ್ರಾಣಿಗಳನ್ನು ಕೊಯ್ದು ನೋಡಿದವನು; ತನ್ನನ್ನು ಅಸ್ಕ್ಲೀಪಿಯಸ್‌ನ ಸೇವಕ ಎಂದೂ ಕರೆದುಕೊಂಡವನು. ಅವನ ಅಪ್ಪ ಮಗನನ್ನು ವೈದ್ಯಕೀಯಕ್ಕೆ ಹಚ್ಚಿದ್ದೇ ಕನಸಿನ ಸೂಚನೆಯ ಮೇಲೆ.

ಎಪಿಡೌರಸ್‌ನಲ್ಲಿ 1881ರಲ್ಲಿ ಆರಂಭವಾದ ಉತ್ಖನನದಲ್ಲಿ ಸಿಕ್ಕ ಶಿಲಾಫಲಕಗಳಲ್ಲಿ ಇಂಥ ಸುಮಾರು 70 ಕತೆಗಳಿವೆ. ರೋಗಿಯ ಹೆಸರು, ಊರು, ಕಾಯಿಲೆ, ಕನಸು. ಕೇಸ್ ಶೀಟ್ ಇದ್ದ ಹಾಗೆ. ಆದರೆ ಈ ದೇವರು ರೋಗಿಯ ಜೊತೆ ಮಾತಾಡುತ್ತಾನೆ. ಯೂಫೇನಸ್ ಎಂಬ ಹುಡುಗನಿಗೆ ಮೂತ್ರಕೋಶದಲ್ಲಿ ಕಲ್ಲು. ಗುಣಪಡಿಸಿದರೆ ನನಗೇನು ಕೊಡುತ್ತೀ ಎಂದು ದೇವರು ಕೇಳಿದ. ಆಟದ ಹತ್ತು ಗೋಟಿ ಕೊಡ್ತೀನಿ ಅಂದ ಹುಡುಗ. ನಮ್ಮ ಗಜ್ಜುಗದಂತೆ ಆಡುವ, ಕುರಿಯ ಗೆಣ್ಣಿನ ಮೂಳೆಗಳವು. ದೇವರು ನಕ್ಕು ವಾಸಿಮಾಡಿದ. ಅಥೆನ್ಸಿನ ಆಂಬ್ರೋಸಿಯಾಳ ಒಂದು ಕಣ್ಣು ಕಾಣದು. ಆವರಣದಲ್ಲಿ ಸುತ್ತಾಡುತ್ತಾ, ಕುಂಟರು ಕುರುಡರು ಬರೀ ಕನಸು ಕಂಡು ಗುಣವಾಗುವುದುಂಟೇ ಎಂದು ಅವಳು ನಕ್ಕಳು. ದೇವರು ಅವಳನ್ನು ಓಡಿಸಲಿಲ್ಲ. ನಿನ್ನ ಅಜ್ಞಾನದ ನೆನಪಿಗೆ ಬೆಳ್ಳಿಯ ಹಂದಿಯೊಂದನ್ನು ಒಪ್ಪಿಸು ಎಂದು ಹೇಳಿ ಕಣ್ಣಿಗೆ ಮದ್ದು ಹಾಕಿದ. ಗುಣವಾಗಲು ನಂಬಿಕೆಯೇ ಮೊದಲ ಷರತ್ತು ಎನ್ನುವವರು ಈ ಹಂದಿಯನ್ನು ಗಮನಿಸಬೇಕು.

ಇವೆಲ್ಲ ಹೀಗೇ ನಡೆದವು ಎಂದು ನಾನು ಹೇಳುತ್ತಿಲ್ಲ. ಗುಡಿಯವರೇ ಕೆತ್ತಿಸಿ ನಿಲ್ಲಿಸಿದ ಕಲ್ಲುಗಳಿವು, ಒಂದರ್ಥದಲ್ಲಿ ಜಾಹೀರಾತು. ಗುಣವಾಗದೆ ಹೋದವರು ಇಲ್ಲಿಲ್ಲ. ಅವರನ್ನು ಹುಡುಕಲು ಬೇರೆ ಕಡೆ ನೋಡಬೇಕು. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಕೊಡುವ ವಿವರ ನನಗೆ ಎಲ್ಲ ಪವಾಡಗಳಿಗಿಂತ ಮುಖ್ಯವೆನಿಸುತ್ತದೆ. ಆ ಪವಿತ್ರ ಆವರಣದೊಳಗೆ ಹುಟ್ಟೂ ಆಗಬಾರದು, ಸಾವೂ ಆಗಬಾರದು. ಸೂತಕದ ಮನೆಯಲ್ಲಿ ಬೆಳೆದ ನಮಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಸಾಯುವ ರೋಗಿಗಳೂ ಹೆರುವ ಹೆಂಗಸರೂ ಬಯಲಲ್ಲೇ ಇರಬೇಕಾಗಿತ್ತು. ಆ ಕಾಲದ ಆಂಟೊನೈನಸ್ ಎಂಬ ರೋಮನ್ ಸೆನೆಟರ್ ಅವರಿಗಾಗಿ ಒಂದು ಮನೆ ಕಟ್ಟಿಸಿದನಂತೆ. ಫಲಕಗಳು ನಿಂತು ಅಷ್ಟು ಹೊತ್ತಿಗೆ ಐದು ಶತಮಾನಗಳಾಗಿದ್ದವು. ದೇವರು ರಾತ್ರಿಯೆಲ್ಲ ರೋಗಿಗಳ ನಡುವೆ ಓಡಾಡುತ್ತಿದ್ದ ಜಾಗದಲ್ಲೇ ಕೈಮೀರಿದವರಿಗೆ ಮೇಲೊಂದು ಸೂರು ಬರಲು ಅಷ್ಟು ಕಾಲ ಬೇಕಾಯಿತು.

ನಮ್ಮ ಕಾರಿಡಾರಿನಲ್ಲಿ ಏಳನೇ ರಾತ್ರಿ ಪಕ್ಕದ ಚಾಪೆಯವರನ್ನು ಒಳಗೆ ಕರೆದರು. ಅವರ ಚಾಪೆ ಬೆಳಗಿನವರೆಗೂ ಹಾಗೇ ಹಾಸಿತ್ತು. ಅಮ್ಮ ಗುಣವಾಗಿ ಬಂದರು.

ಅವರ ಫೈಲಿನಲ್ಲಿ ನನ್ನ ಪಾಸು ಈಗಲೂ ಇದೆ. ಅದರಲ್ಲಿ ರೋಗಿಯ ಹೆಸರು, ಬೆಡ್ ನಂಬರು, ಅದರ ಕೆಳಗೆ ‘ಸಂಬಂಧ: ಮಗಳು’ ಎಂದಷ್ಟೇ ಬರೆದಿದೆ. ಎಪಿಡೌರಸ್‌ನ ಕಲ್ಲಿನಲ್ಲೂ ಮಗಳ ಹೆಸರಿದೆ, ಅವಳ ಊರಿನ ಹೆಸರಿದೆ. ಅಷ್ಟು ದೂರ ಹೋಗಿ ಮಲಗಿ ಬಂದವಳು ಅಲ್ಲಿ ಬರೀ ತಾಯಿ.