ಕುಲುಮೆಯ ಉರಿ, ಸರಕಿನ ದಾರಿ

ಇದ್ದಿಲು ದೂರದ ಪ್ರಯಾಣಕ್ಕೆ ಒಗ್ಗುವ ವಸ್ತುವಲ್ಲ. ಕಾಡಿನಲ್ಲಿ ಸುಟ್ಟು ಆರಿಸಿದ ಗಟ್ಟಿ ಇದ್ದಿಲನ್ನು ಗಾಡಿಗೆ ತುಂಬಿ ಕಲ್ಲುದಾರಿಯಲ್ಲಿ ನಾಲ್ಕಾರು ಹರದಾರಿ ಹೊಡೆದರೆ ಅದರಲ್ಲೊಂದು ಪಾಲು ದಾರಿಯಲ್ಲಿಯೇ ಪುಡಿಯಾಗುತ್ತದೆ. ಆ ಪುಡಿಯಾದರೂ ಕುಲುಮೆಯೊಳಗೆ ಗಾಳಿಯ ದಾರಿಯನ್ನು ಕಟ್ಟಿಬಿಡುವುದರಿಂದ ಕಬ್ಬಿಣ ಕರಗಿಸುವವನಿಗೆ ಬೇಡವಾದುದು. ಅಲ್ಪವೆಂದು ತೋರುವ ಈ ಕಾರಣದಿಂದಲೇ ಕಬ್ಬಿಣದ ಕುಲುಮೆಗಳು ಶತಶತಮಾನಗಳ ಕಾಲ ಕಾಡಿನ ಅಂಚನ್ನು ಬಿಟ್ಟು ಕದಲಲಿಲ್ಲ. ಇಂದು ನಾವು ಪೂರೈಕೆ ಸರಪಳಿಯ ನಿರ್ವಹಣೆ, ಇಂಧನ ದಕ್ಷತೆ ಎಂದು ಎರಡು ಬೇರೆ ಬೇರೆ ಶಾಸ್ತ್ರಗಳನ್ನಾಗಿ ಮಾಡಿಕೊಂಡು, ಒಂದನ್ನು ವಾಣಿಜ್ಯದ ಶಾಲೆಗಳಿಗೂ ಮತ್ತೊಂದನ್ನು ಎಂಜಿನಿಯರುಗಳಿಗೂ ಒಪ್ಪಿಸಿರುವೆವಷ್ಟೆ. ಅವೆರಡೂ ಆ ಇದ್ದಿಲಿನ ಗಾಡಿಯಲ್ಲಿ ಒಂದೇ ಆಗಿದ್ದುವು. ಅವು ಹೇಗೆ ಅಗಲಿದುವು, ಮತ್ತೆ ಹೇಗೆ ತಡವರಿಸುತ್ತ ಹತ್ತಿರ ಬರುತ್ತಿರುವುವು ಎಂಬುದನ್ನು ಕಬ್ಬಿಣದ ಉದ್ಯಮವೊಂದನ್ನೇ ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಶ್ರೀರಂಗಪಟ್ಟಣದ ಪತನಾನಂತರ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳನ್ನು ಕಂಡು, ಅಲ್ಲಿನ ಕೆಲಸದ ಕ್ರಮವನ್ನು ಬಹು ಎಚ್ಚರದಿಂದ ಬರೆದಿಟ್ಟನು. ಮಳೆಯ ನೀರು ಹೊತ್ತು ತಂದ ಕಪ್ಪು ಮರಳನ್ನು ಕೂಡಿಸುವವರು, ಇದ್ದಿಲು ಸುಡುವವರು, ತಿದಿ ಒತ್ತುವವರು, ಕಬ್ಬಿಣ ಬಡಿಯುವವರು, ಎಲ್ಲರೂ ಒಂದೇ ಮೇಳಕ್ಕೆ ಸೇರಿದವರಾದುದರಿಂದ, ಇದ್ದಿಲು ಹೆಚ್ಚು ಖರ್ಚಾದರೆ ನಷ್ಟವು ಯಾರ ಪಾಲಿಗೆ ಬರುವುದೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುವಂತಿರಲಿಲ್ಲ.

ಇಂಗ್ಲೆಂಡಿನಲ್ಲಿ ಕುಲುಮೆಗೂ ಕಾಡಿಗೂ ಇದ್ದ ಈ ಬಂಧವನ್ನು ಕಡಿದವನು ಅಬ್ರಹಾಂ ಡಾರ್ಬಿ. 1709ರಲ್ಲಿ ಕೋಲ್‌ಬ್ರೂಕ್‌ಡೇಲಿನಲ್ಲಿ ಆತನು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಿ ಕಬ್ಬಿಣ ಕರಗಿಸಿದ ಮೇಲೆ ಕುಲುಮೆಗೆ ಕಾಡಿನ ಹಂಗು ತಪ್ಪಿತು. ಕೋಕು ಗಟ್ಟಿ, ಪ್ರಯಾಣವನ್ನು ತಾಳಬಲ್ಲುದು, ಎತ್ತರವಾದ ಕುಲುಮೆಯ ಭಾರವನ್ನೂ ಹೊರಬಲ್ಲುದು. ಇಂಧನವು ದೂರದಿಂದ ಬರಬಹುದೆಂದಾದೊಡನೆ ಇಂಧನದ ಲೆಕ್ಕವೂ ದಾರಿಯ ಲೆಕ್ಕವೂ ಬೇರೆಬೇರೆ ಕೈಗಳಿಗೆ ಹೋದುವು. ಮುಂದಿನ ನೂರೈವತ್ತು ವರ್ಷಗಳಲ್ಲಿ ನಡೆದ ಸುಧಾರಣೆಗಳೆಲ್ಲ ಬಹುಮಟ್ಟಿಗೆ ಕುಲುಮೆಯ ಒಳಗಿನವು. ಗ್ಲಾಸ್ಗೋದ ಜೇಮ್ಸ್ ಬೋಮಾಂಟ್ ನೀಲ್ಸನ್ 1828ರಲ್ಲಿ, ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸಿ ಊದುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ತಣ್ಣಗಿನ ಗಾಳಿಯೇ ಒಳ್ಳೆಯದೆಂದು ತಲೆತಲಾಂತರದಿಂದ ನಂಬಿದ್ದವರ ನಡುವೆ ಇದು ದೊಡ್ಡ ಸಾಹಸವೇ ಸರಿ. ಟನ್ನು ಕಬ್ಬಿಣವೊಂದಕ್ಕೆ ಸುಮಾರು ಎಂಟು ಟನ್ನು ಕಲ್ಲಿದ್ದಲು ಬೇಡುತ್ತಿದ್ದ ಸ್ಕಾಟ್ಲೆಂಡಿನ ಕುಲುಮೆಗಳು ಕೆಲವೇ ವರ್ಷಗಳಲ್ಲಿ ಮೂರು ಟನ್ನಿಗೂ ಕಡಮೆಯಲ್ಲಿ ತೃಪ್ತಿಪಟ್ಟುವು. 1830ರ ದಶಕದಲ್ಲಿ ಜರ್ಮನಿಯ ವಾಸೆರಾಲ್ಫಿಂಗೆನ್ನಿನಲ್ಲಿ ಫಾಬರ್ ದ್ಯೂ ಫೌರನು, ಕುಲುಮೆಯ ಬಾಯಿಂದ ಉರಿದು ವ್ಯರ್ಥವಾಗುತ್ತಿದ್ದ ಅನಿಲವನ್ನೇ ಹಿಡಿದು ಗಾಳಿ ಕಾಯಿಸಲು ಉಪಯೋಗಿಸಿದನು. ಹೊರಹೋಗುವ ಶಾಖವನ್ನು ಇಟ್ಟಿಗೆಗಳಲ್ಲಿ ಕೂಡಿಟ್ಟು ಒಳಬರುವ ಗಾಳಿಗೆ ಹಿಂದಿರುಗಿಸುವ ಉಪಾಯವನ್ನು ಸೀಮೆನ್ಸ್ ಸಹೋದರರೂ ಕೌಪರನೂ 1850ರ ದಶಕದಲ್ಲಿ ಕಂಡುಹಿಡಿದರು. ಕೊಡು ಕೊಳ್ಳುವ ಈ ಇಟ್ಟಿಗೆಗೂಡು ಇಂದಿಗೂ ದೊಡ್ಡ ಊದುಕುಲುಮೆಗಳ ಪಕ್ಕದಲ್ಲಿ ನಿಂತಿದೆ.

ಈ ವಿಜಯಗಳ ನಡುವೆ ಒಂದು ಅಶುಭ ವಾರ್ತೆಯನ್ನು ತಂದವನು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. 1865ರಲ್ಲಿ ಪ್ರಕಟವಾದ ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತ ತನ್ನ ಗ್ರಂಥದಲ್ಲಿ ಆತನು ಸ್ಕಾಟ್ಲೆಂಡಿನ ಈ ಕುಲುಮೆಗಳನ್ನೇ ಸಾಕ್ಷಿಗೆ ಕರೆದನು: ಟನ್ನಿಗೆ ತಗಲುವ ಕಲ್ಲಿದ್ದಲು ಮೂರರಲ್ಲೊಂದಕ್ಕೂ ಕೆಳಗೆ ಇಳಿದಾಗ, 1830ರಿಂದ 1863ರ ವರೆಗೆ ಒಟ್ಟು ಖರ್ಚಾದ ಕಲ್ಲಿದ್ದಲು ಹತ್ತು ಮಡಿ ಏರಿತು. ಮಿತವ್ಯಯವು ಸರಕನ್ನು ಅಗ್ಗಮಾಡಿ ಬೇಡಿಕೆಯನ್ನು ಹೆಚ್ಚಿಸುವುದರಿಂದ, ಕುಲುಮೆಯೊಳಗೆ ಉಳಿದುದು ಲೋಕದಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ಈ ಮಾತಿಗೆ ತಕ್ಕ ಉತ್ತರವನ್ನು ಇನ್ನೂ ಯಾರೂ ಕೊಟ್ಟಂತೆ ನನಗೆ ತೋರುವುದಿಲ್ಲ.

ನಮ್ಮ ನಾಡಿಗೆ ಬಂದರೆ, ಕಲ್ಲಿದ್ದಲೇ ಇಲ್ಲದ ಸೀಮೆಯಲ್ಲಿ ಯಂತ್ರೋದ್ಯಮವನ್ನು ಕಟ್ಟಬೇಕಾದವರಿಗೆ ಉರಿಯೂ ದಾರಿಯೂ ಒಂದೇ ಪ್ರಶ್ನೆಯಾಗಿ ಎದುರಾದುದು ಸಹಜವಾಗಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದ ಶಕ್ತಿಯು 92 ಮೈಲಿಗಳ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದನ್ನು ನಾವು ವಿದ್ಯುತ್ತಿನ ಚರಿತ್ರೆಯಾಗಿ ಓದುತ್ತೇವೆ. ಆದರೆ ಅದು ಸರಬರಾಜಿನ ಚರಿತ್ರೆಯೂ ಅಹುದು. ಗಣಿಯ ಉಗಿಯಂತ್ರಗಳಿಗೆ ದೂರದೂರದಿಂದ ರೈಲಿನಲ್ಲಿ ಹೊತ್ತು ತರಬೇಕಾದ ಕಲ್ಲಿದ್ದಲಿನ ಬದಲಿಗೆ, ತೂಕವೇ ಇಲ್ಲದ ಇಂಧನವೊಂದು ತಾನಾಗಿ ಬಂದು ಬಾಗಿಲಲ್ಲಿ ನಿಂತಿತು.

ಭದ್ರಾವತಿಯ ಕಥೆ ಇನ್ನೂ ಗಹನವಾದುದು. ಮೊದಲು ಬೆಂಕಿಪುರವೆಂದು ಹೆಸರಾಗಿದ್ದ ಆ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ದಿವಾನ್ ವಿಶ್ವೇಶ್ವರಯ್ಯನವರು ಆಲೋಚಿಸಿದಾಗ, ಜಮ್‌ಷೆಡ್‌ಪುರದ ಕಾರ್ಖಾನೆಗೆ ಸಲಹೆ ನೀಡಿದ್ದ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್ ಅವರನ್ನು ಇಲ್ಲಿಗೂ ಕರೆಸಲಾಯಿತು. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಶ್ರೇಷ್ಠವಾದ ಅದಿರಿತ್ತು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು, ಭದ್ರಾ ನದಿಯಲ್ಲಿ ನೀರಿತ್ತು. ಇಲ್ಲದುದು ಕೋಕು ಮಾತ್ರ. ಆದುದರಿಂದ ಡಾರ್ಬಿಯು ಇನ್ನೂರು ವರ್ಷಗಳ ಹಿಂದೆ ಬಿಟ್ಟುಹೋದ ಇದ್ದಿಲಿಗೇ ಮೈಸೂರು ಮರಳಬೇಕಾಯಿತು; ಆದರೆ ಮರಳಿದ ರೀತಿಯಲ್ಲಿ ಒಂದು ಹೊಸತನವಿತ್ತು. ಸೌದೆಯನ್ನು ಕಾಡಿನಲ್ಲಿ ಮಣ್ಣು ಮುಚ್ಚಿ ಸುಡುವ ಬದಲು ಮುಚ್ಚಿದ ರಿಟಾರ್ಟುಗಳಲ್ಲಿಟ್ಟು ಕಾಯಿಸಿದರೆ, ಇದ್ದಿಲಿನ ಜೊತೆಗೆ ಮರದ ಮದ್ಯಸಾರವೂ ಸುಣ್ಣದ ಅಸಿಟೇಟೂ ಡಾಂಬರೂ ದೊರೆಯುತ್ತವೆ. ಅವುಗಳ ಮಾರಾಟದಿಂದ ಬರುವ ಹಣವು ಇದ್ದಿಲಿನ ವೆಚ್ಚವನ್ನು ತಗ್ಗಿಸಬೇಕೆಂಬುದು ಲೆಕ್ಕಾಚಾರ. ಕಾರ್ಖಾನೆಯ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮೊದಲು ಮರದ ಬಟ್ಟಿಯ ಮಾತು ಬರುತ್ತಿದ್ದಿತೆಂಬುದನ್ನು ಗಮನಿಸಬೇಕು.

ದಿನಕ್ಕೆ 60 ಟನ್ನು ಬೀಡುಕಬ್ಬಿಣವನ್ನು ಕರಗಿಸತಕ್ಕ ಆ ಕುಲುಮೆಗೆ ಬೇಕಾಗುವ ಇದ್ದಿಲು ಎಷ್ಟು, ಆ ಇದ್ದಿಲಿಗೆ ಬೇಕಾಗುವ ಸೌದೆ ಎಷ್ಟು ಎಂದು ಕೂಡಿಸಿದರೆ, ಒಂದು ಟನ್ನು ಇದ್ದಿಲಿಗೆ ನಾಲ್ಕೈದು ಟನ್ನು ಮರವೆಂದಿಟ್ಟುಕೊಂಡರೂ, ಪ್ರತಿದಿನ ಇನ್ನೂರು ಟನ್ನಿಗೂ ಮಿಕ್ಕ ಮರವು ಮಲೆನಾಡಿನಿಂದ ಇಳಿದು ಬರಬೇಕು. ಕಾಡಿನೊಳಕ್ಕೆ ಟ್ರಾಮ್‌ವೇ ಹಾದಿಗಳು ಹೋದುವು. ಗಿರಿಯ ಮೇಲಿನ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ಕೂತು ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ ಭದ್ರಾವತಿಗೆ ಬಂದಿತು. ಬೆಟ್ಟದಿಂದಿಳಿಯುವ ಇಂಥ ಹಗ್ಗದ ಹಾದಿಯ ಸೊಗಸೇನೆಂದರೆ, ತುಂಬಿ ಇಳಿಯುವ ತೊಟ್ಟಿಯ ಭಾರವೇ ಬರಿದಾಗಿ ಏರುವ ತೊಟ್ಟಿಯನ್ನು ಎಳೆದುಕೊಳ್ಳುವುದು. ಅಲ್ಲಿ ಇಂಧನ ಬೆಟ್ಟದ ಎತ್ತರದಲ್ಲಿಯೇ ಅಡಗಿದೆ. ಕಾಡು, ಬೆಟ್ಟ, ನದಿ, ಹಾದಿ, ಕುಲುಮೆ ಇವೆಲ್ಲ ಒಂದೇ ಆಡಳಿತಕ್ಕೆ, ಒಂದೇ ಖಾತೆಗೆ ಸೇರಿದ್ದ ಇಂಥ ಏರ್ಪಾಡು ನಮ್ಮಲ್ಲಿ ಮತ್ತೆಲ್ಲಿಯೂ ಇದ್ದುದು ನನಗೆ ಕಾಣದು.

ಆದರೂ ಕಾರ್ಖಾನೆಗೆ ಕಷ್ಟವು ತಪ್ಪಲಿಲ್ಲ; ಅದು ಬಂದುದು ಯಾರೂ ಕಾವಲು ನಿಲ್ಲದ ಕಡೆಯಿಂದ. ಭದ್ರಾವತಿಯಲ್ಲಿ ಕಬ್ಬಿಣ ಹರಿದ 1923ನೆಯ ಇಸವಿಯಲ್ಲಿಯೇ ಜರ್ಮನಿಯ ಲಾಯ್ನದಲ್ಲಿ ಬಿ.ಎ.ಎಸ್.ಎಫ್. ಸಂಸ್ಥೆಯು ಮರದ ಸಹಾಯವೇ ಇಲ್ಲದೆ ಅನಿಲಗಳಿಂದಲೇ ಆ ಮರದ ಮದ್ಯಸಾರವನ್ನು ತಯಾರಿಸತೊಡಗಿತು. ಇದ್ದಿಲಿನ ವೆಚ್ಚವನ್ನು ಹೊರಬೇಕಾಗಿದ್ದ ಉಪಪದಾರ್ಥದ ಬೆಲೆ ಇದರಿಂದ ಕುಸಿಯಿತು, ಬೀಡುಕಬ್ಬಿಣದ ಬೆಲೆಯೂ ಯುದ್ಧಾನಂತರ ಇಳಿದಿತ್ತು. ಇಂತಿರಲು 1923ರಿಂದ 1929ರ ವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮರಳಿ ಬಂದ ವಿಶ್ವೇಶ್ವರಯ್ಯನವರು ವೆಚ್ಚವನ್ನು ಬಿಗಿಮಾಡಿ ಕಾರ್ಖಾನೆಯನ್ನು ಉಳಿಸಬೇಕಾಯಿತು. ಸರಪಳಿಯ ಒಂದು ಕೊನೆಯನ್ನು ಎಷ್ಟು ಜಾಗರೂಕತೆಯಿಂದ ಹಿಡಿದುಕೊಂಡರೂ ಇನ್ನೊಂದು ಕೊನೆಯು ಪೇಟೆಯಲ್ಲಿರುತ್ತದೆ.

1936ರಲ್ಲಿ ಉಕ್ಕು ಬಂದಿತು. ಜೋಗದ ವಿದ್ಯುತ್ತು 1948ರಲ್ಲಿ ಹರಿಯತೊಡಗಿದ ಮೇಲೆ, 1950ರ ದಶಕದ ಆರಂಭದಲ್ಲಿ, ಬೀಡುಕಬ್ಬಿಣಕ್ಕೆ ವಿದ್ಯುತ್ ಕುಲುಮೆಗಳನ್ನು ಹೂಡಿದರು. ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು: ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ, ಉರಿದು ಶಾಖ ಕೊಡುವುದು ಒಂದು, ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಮತ್ತೊಂದು. ಶಾಖದ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡರೆ ಇದ್ದಿಲಿಗೆ ಎರಡನೆಯದು ಮಾತ್ರ ಉಳಿಯುತ್ತದೆ. ಬೇಕಾಗುವ ಇದ್ದಿಲು ಅರ್ಧಕ್ಕಿಂತ ಕಡಮೆಯಾಗುತ್ತದೆ. ಹೀಗೆ ಶರಾವತಿಯ ನೀರು ಭದ್ರಾವತಿಯ ಕಾಡನ್ನು ಕಾಯತೊಡಗಿತು. ಇದಕ್ಕಿಂತ ಸ್ಪಷ್ಟವಾಗಿ ದಕ್ಷತೆಯೂ ಸರಬರಾಜೂ ಒಂದಾಗಿ ಕಂಡ ನಿದರ್ಶನವು ದುರ್ಲಭ.

ಇಷ್ಟರಲ್ಲಿ ಲೋಕದ ಬೇರೆ ಕಡೆಗಳಲ್ಲಿ ಸರಕಿನ ದಾರಿಯು ತಾನೇ ಒಂದು ವಿದ್ಯೆಯಾಗಿ ಬೆಳೆಯುತ್ತಿದ್ದಿತು. ಅಮೆರಿಕದ ಜೇ ಫಾರೆಸ್ಟರ್ 1958ರಲ್ಲಿ, ಅಂಗಡಿಯ ಬೇಡಿಕೆಯಲ್ಲಿ ಆಗುವ ಸಣ್ಣ ಏರಿಳಿತವು ಸಗಟು ವ್ಯಾಪಾರಿ, ಉಗ್ರಾಣ, ಕಾರ್ಖಾನೆಗಳನ್ನು ದಾಟುತ್ತ ಹಿಂದಕ್ಕೆ ಹೋದಂತೆಲ್ಲ ಹೇಗೆ ಉಬ್ಬುವುದೆಂಬುದನ್ನು ಗಣಿತದಿಂದ ತೋರಿಸಿದನು. ಜಪಾನಿನ ಟೊಯೋಟದಲ್ಲಿ ತಾಯಿಚಿ ಓನೋ, ಬೇಕಾದಾಗ ಬೇಕಾದಷ್ಟೇ ಸರಕು ಬರುವ ಪದ್ಧತಿಯನ್ನು ರೂಢಿಗೆ ತಂದನು. ಪೂರೈಕೆ ಸರಪಳಿಯ ನಿರ್ವಹಣೆ ಎಂಬ ಹೆಸರೇ 1982ರಲ್ಲಿ ಕೀತ್ ಆಲಿವರ್ ಎಂಬ ಸಲಹೆಗಾರನಿಂದ ಪ್ರಚಾರಕ್ಕೆ ಬಂದುದು. ಈ ಶಾಸ್ತ್ರವು ಕಾಲವನ್ನೂ ದಾಸ್ತಾನನ್ನೂ ಬಹಳ ಸೂಕ್ಷ್ಮವಾಗಿ ಅಳೆಯಿತು. ಆದರೆ ಶಾಖವನ್ನು ಅಳೆಯಲಿಲ್ಲ. ಉಗ್ರಾಣವನ್ನು ಬರಿದುಮಾಡಲು ಸಣ್ಣ ಸಣ್ಣ ಲಾರಿಗಳು ದಿನಕ್ಕೆ ಹತ್ತು ಸಾರಿ ಓಡಿದರೆ ಸುಡುವ ಡೀಸೆಲ್ಲು ಯಾವ ಖಾತೆಗೆ ಸೇರತಕ್ಕದ್ದು? ಬಿಡಿಭಾಗದ ಕಾರ್ಖಾನೆಗಳನ್ನು ಹತ್ತಿರದಲ್ಲಿಯೇ ನೆಲೆಗೊಳಿಸಿದರೆ ಈ ಪ್ರಶ್ನೆಯ ಹರಿತ ಕಡಮೆಯಾಗುವುದನ್ನು ಟೊಯೋಟದ ಕಾರ್ಖಾನೆಯಿರುವ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಯಾರಾದರೂ ಕಾಣಬಹುದು.

ಶಾಖದ ಕಡೆಗೆ ಲೋಕದ ಕಣ್ಣನ್ನು ಮತ್ತೆ ತಿರುಗಿಸಿದುದು 1973ರ ತೈಲದ ಕ್ಷೋಭೆ. ಜಪಾನು 1979ರಲ್ಲಿ ಇಂಧನ ಮಿತವ್ಯಯದ ಕಾನೂನನ್ನು ಮಾಡಿತು. ಅಲ್ಲಿನ ಉಕ್ಕಿನ ಕಾರ್ಖಾನೆಗಳು ಕೆಂಪಗೆ ಕಾದ ಕೋಕಿನ ಮೇಲೆ ನೀರು ಸುರಿದು ಶಾಖವನ್ನು ಆವಿಮಾಡಿ ಕಳೆಯುವ ಬದಲು ಅನಿಲದಿಂದ ಅದನ್ನು ತಣಿಸಿ ವಿದ್ಯುತ್ತನ್ನು ಪಡೆಯತೊಡಗಿದುವು. ನಮ್ಮ ದೇಶದಲ್ಲಿ ಈ ವ್ಯವಸ್ಥೆಯನ್ನು ಮೊದಲಿನಿಂದಲೇ ಅಳವಡಿಸಿಕೊಂಡದ್ದು ವಿಶಾಖಪಟ್ಟಣದ ಕಾರ್ಖಾನೆ.

ತೈಲದ ಕ್ಷೋಭೆಯಾದ ಅದೇ ದಶಕದಲ್ಲಿ ಪಶ್ಚಿಮ ಘಟ್ಟದ ಮೇಲೆ ಕುದುರೆಮುಖದ ಯೋಜನೆ ಹುಟ್ಟಿತು. ಅಲ್ಲಿನ ಅದಿರು ಬಡವಾದುದು, ನೂರಕ್ಕೆ ನಾಲ್ವತ್ತು ಪಾಲೂ ಕಬ್ಬಿಣವಿಲ್ಲದುದು. ಅದನ್ನು ಬೆಟ್ಟದ ಮೇಲೆಯೇ ಅರೆದು, ಸತ್ತ್ವವನ್ನು ಮಾತ್ರ ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಇಳಿಜಾರಿನ ನೆರವಿನಿಂದ ಮಂಗಳೂರಿನ ಬಂದರಿಗೆ ಹರಿಯಿಸಿದರು. ಸಾಗಾಣಿಕೆಯ ವೆಚ್ಚದ ದೃಷ್ಟಿಯಿಂದ ಇದಕ್ಕಿಂತ ಮಿತವಾದ ಏರ್ಪಾಡನ್ನು ಕಲ್ಪಿಸುವುದು ಕಷ್ಟ. ಆದರೆ ಆ ಸಕಲವೂ ಇರಾನ್ ಎಂಬ ಒಬ್ಬನೇ ಗಿರಾಕಿಯನ್ನು ನೆಚ್ಚಿ ಕಟ್ಟಿದುದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ, ಕೊಳ್ಳುವವನೇ ಹಿಂದೆ ಸರಿದನು. ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು, 1987ರಲ್ಲಿ ಮಂಗಳೂರಿನಲ್ಲಿ ಉಂಡೆಗಟ್ಟುವ ಕಾರ್ಖಾನೆ ಬಂದಿತು. ಕೊನೆಗೆ, ಭದ್ರೆಯು ಹುಟ್ಟುವ ಆ ಕಾಡಿನ ಹಿತಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯದಲ್ಲಿ ಗಣಿಯು ನಿಂತಿತು. ಆ ಆಜ್ಞೆ ಸರಿಯಾದುದೆಂದೇ ನನ್ನ ಅಭಿಪ್ರಾಯ. ಟನ್ನು ಕಬ್ಬಿಣಕ್ಕೆ ಬೇಕಾದ ಶಾಖವನ್ನು ಎಷ್ಟು ಕಡಮೆಮಾಡಿದರೂ ನದಿಯ ತವರು ಆ ಲೆಕ್ಕದೊಳಗೆ ಅಡಗುವುದಿಲ್ಲ.

ಭಾರತದ ಇಂಧನ ಸಂರಕ್ಷಣಾ ಕಾನೂನು 2001ರದು. ಅದರ ಆಧಾರದ ಮೇಲೆ 2012ರಲ್ಲಿ ಆರಂಭವಾದ ಪ್ಯಾಟ್ ಯೋಜನೆಯು ಎಂಟು ವಲಯಗಳ 478 ದೊಡ್ಡ ಘಟಕಗಳಿಗೆ ಒಂದೊಂದು ಗುರಿಯನ್ನು ಕೊಟ್ಟು, ಗುರಿ ಮೀರಿ ಉಳಿಸಿದವರು ತಮ್ಮ ಉಳಿತಾಯವನ್ನು ಗುರಿ ಮುಟ್ಟದವರಿಗೆ ಮಾರಬಹುದೆಂದಿತು. ಮೊದಲ ಮೂರು ವರ್ಷದ ಸುತ್ತಿನಲ್ಲಿ ನಿರೀಕ್ಷಿಸಿದ್ದುದು ತೈಲಕ್ಕೆ ಸಮಾನವಾಗಿ 66.9 ಲಕ್ಷ ಟನ್ನಿನ ಉಳಿತಾಯ, ದೊರೆತುದು 86.7 ಲಕ್ಷ ಟನ್ನು. ಈ ಕೆಲಸ ಶ್ಲಾಘ್ಯವಾದುದು. ಆದರೆ ಇದರ ಅಳತೆಯು ಕಾರ್ಖಾನೆಯ ಗೇಟಿನಿಂದ ಗೇಟಿಗೆ. ಗೇಟಿನ ಹೊರಗೆ ಲಾರಿಯಲ್ಲಿ, ರೈಲಿನಲ್ಲಿ, ಹಡಗಿನಲ್ಲಿ ಸುಟ್ಟುದು ಆ ಪುಸ್ತಕದಲ್ಲಿ ಬರುವುದಿಲ್ಲ.

ಗೇಟಿನ ಹೊರಗಿನದು ಎಷ್ಟೆಂಬುದನ್ನು ತಿಳಿಯಬೇಕಾದರೆ ತೋರಣಗಲ್ಲಿಗೆ ಹೋಗಬೇಕು. ಅಲ್ಲಿನ ಜಿಂದಾಲ್ ಕಾರ್ಖಾನೆಯು 1999ರಲ್ಲಿ, ಕೋಕಿನ ಬದಲು ಬಹುಮಟ್ಟಿಗೆ ಕಲ್ಲಿದ್ದಲನ್ನೇ ಬಳಸುವ ಕೊರೆಕ್ಸ್ ವಿಧಾನದಿಂದ ಕಬ್ಬಿಣ ಕರಗಿಸಲು ಆರಂಭಿಸಿ, ಹೊರಬಂದ ಅನಿಲವನ್ನು ವಿದ್ಯುತ್ತಿಗೆ ತಿರುಗಿಸಿತು. ಫಾಬರ್ ದ್ಯೂ ಫೌರನ ಆಲೋಚನೆ ಬಯಲುಸೀಮೆಯಲ್ಲಿ ದೊಡ್ಡದಾಗಿ ಬೆಳೆದು ನಿಂತಂತಾಯಿತು. ಅದಿರು ಪಕ್ಕದ ಸಂಡೂರಿನ ಬೆಟ್ಟಗಳಲ್ಲಿಯೇ ಇದೆ. ಆದರೂ 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಕಾರಣದಿಂದ ಬಳ್ಳಾರಿಯ ಗಣಿಗಳನ್ನು ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿದಾಗ, ಬೆಟ್ಟವು ಕಣ್ಣೆದುರಿಗಿದ್ದೂ ಈ ಸೀಮೆಯ ಕುಲುಮೆಗಳು ಹರಾಜಿನ ಅದಿರಿಗೆ ಕಾಯಬೇಕಾಯಿತು. ಆ ಮೊದಲಿನ ವರ್ಷಗಳಲ್ಲಿ ಹೊಸಪೇಟೆ, ಸಂಡೂರುಗಳ ರಸ್ತೆಯ ಮೇಲೆ ಅದಿರಿನ ಲಾರಿಗಳ ಸಾಲನ್ನೂ ಅವುಗಳ ಕೆಂಧೂಳಿನಲ್ಲಿ ಬಣ್ಣಗೆಟ್ಟ ಹೊಲಗಳನ್ನೂ ಕಂಡವರು, ಈಗ ಬೆಟ್ಟದಿಂದ ಕಾರ್ಖಾನೆಗೆ ಅದಿರನ್ನಿಳಿಸುವ ಮುಚ್ಚಿದ ಕೊಳವೆಪಟ್ಟಿಯನ್ನು ನೋಡಿದರೆ ಕೆಮ್ಮಣ್ಣುಗುಂಡಿಯ ರೋಪ್‌ವೇಯನ್ನು ನೆನೆಯದಿರಲಾರರು.

ಅದಿರಿನ ದಾರಿ ಹೀಗೆ ಸುಧಾರಿಸಿತು. ಕೋಕಿಗೆ ತಕ್ಕ ಕಲ್ಲಿದ್ದಲಾದರೋ ಇಂದಿಗೂ ದೇಶದೊಳಗೆ ಸಾಲದೆ, ಬಹುಪಾಲು ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ಸಮುದ್ರವನ್ನು ದಾಟಿ ಬರುತ್ತದೆ. ಟನ್ನು ಉಕ್ಕಿಗೆ ನಮ್ಮಲ್ಲಿ 6ರಿಂದ 6.5 ಗಿಗಾಕ್ಯಾಲೊರಿ, ಹೊರದೇಶಗಳಲ್ಲಿ 4.5ರಿಂದ 5 ಎಂದು ಉಕ್ಕಿನ ಮಂತ್ರಾಲಯವು ಹೋಲಿಸಿ ತೋರಿಸುವಾಗಲೂ ಆ ಅಂಕೆಗಳಲ್ಲಿ ಹಡಗಿನ ಎಣ್ಣೆಯು ಸೇರುವುದಿಲ್ಲ. 2023ರ ಅಕ್ಟೋಬರಿನಿಂದ ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕಿನಲ್ಲಿ ಹುದುಗಿರುವ ಇಂಗಾಲದ ಲೆಕ್ಕವನ್ನು ಕೇಳತೊಡಗಿದೆ. ಮಾರುವವನು ತನ್ನ ಕುಲುಮೆಯ ಹೊಗೆಯ ಜೊತೆಗೆ ತಾನು ಕೊಂಡ ಬೀಡುಕಬ್ಬಿಣದ ಹೊಗೆಯನ್ನೂ ಹೇಳಬೇಕು. ಮೊದಲ ಬಾರಿಗೆ ಗೇಟಿನ ಆಚೆಗೆ ಒಂದು ಹೆಜ್ಜೆ ಬಿದ್ದಿದೆ. ಆದರೆ ಸಾಗಾಣಿಕೆಯಲ್ಲಿ ಸುಡುವ ಇಂಧನವನ್ನು ಆ ಕಾನೂನು ಕೂಡ ಕೇಳುವುದಿಲ್ಲ. ಗಾಡಿಯೂ ಹಡಗೂ ಇನ್ನೂ ಖಾತೆಯ ಹೊರಗೇ ನಿಂತಿವೆ.