ತೀರ್ಪು ಓದಿದವರ ಹೆಸರೆಲ್ಲಿ?

ಹೊವರ್ಡ್ ಫಿಂಕೆಲ್ ತೀರಿಕೊಂಡದ್ದು 2020ರ ಏಪ್ರಿಲ್ 16ರಂದು. ಆಗ ಅವರಿಗೆ 69 ವರ್ಷ. ಆ ವಾರ ಅಭಿಮಾನಿಗಳು ಬರೆದ ನುಡಿನಮನಗಳನ್ನು ಒಟ್ಟುಹಾಕಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕುಸ್ತಿಪಟು ಸತ್ತರೆ ಜನ ಅವನ ಪಂದ್ಯಗಳನ್ನು ನೆನೆಯುತ್ತಾರೆ, ಪಟ್ಟುಗಳನ್ನು ನೆನೆಯುತ್ತಾರೆ. ಫಿಂಕೆಲ್ ಬಗ್ಗೆ ಬರೆದವರು ಮತ್ತೆ ಮತ್ತೆ ನೆನೆದದ್ದು ಎರಡೇ ಶಬ್ದ: 'ಆ್ಯಂಡ್ ನ್ಯೂ'. ಬರೆಯುವಾಗಲೂ ಸುಮ್ಮನೆ ಬರೆದಿಲ್ಲ, 'ನ್ಯೂ'ವನ್ನು ಅವರು ಎಳೆಯುತ್ತಿದ್ದಷ್ಟೇ ಉದ್ದಕ್ಕೆ ಅಕ್ಷರ ಎಳೆದು ಬರೆದಿದ್ದಾರೆ.

ಫಿಂಕೆಲ್ ಅಮೆರಿಕದ ವೃತ್ತಿಪರ ಕುಸ್ತಿಯ ರಿಂಗ್ ಅನೌನ್ಸರ್. ಮೇಜಿನ ಮುಂದೆ ಕೂತು ಟಿವಿ ನೋಡುವವರಿಗೆ ಪಂದ್ಯ ವಿವರಿಸುವ ಕಾಮೆಂಟೇಟರ್ ಬೇರೆ, ಇವರು ಬೇರೆ. ಇವರು ಕಪ್ಪು ಸೂಟು, ಬೋ ಟೈ ತೊಟ್ಟು ರಿಂಗಿನ ನಡುವೆ ನಿಂತು, ಸಭಾಂಗಣದಲ್ಲಿ ನೆರೆದವರಿಗೆ ಯಾರು ಬಂದರು, ಎಲ್ಲಿಂದ ಬಂದರು, ತೂಕವೆಷ್ಟು, ಕೊನೆಗೆ ಗೆದ್ದವರು ಯಾರು ಎಂದು ಹೇಳುವವರು. ಅವರ ಬಾಯಿಂದ 'ಆ್ಯಂಡ್ ನ್ಯೂ', ಅಂದರೆ 'ಮತ್ತು ಹೊಸ ಚಾಂಪಿಯನ್', ಎಂದು ಹೊರಟ ಪಂದ್ಯಗಳು ಯಾವುವು ಎಂದು ಒಂದು ಪಟ್ಟಿ ಮಾಡೋಣವೆಂದು ಹೊರಟೆ. ಸುಲಭದ ಕೆಲಸವೆಂದುಕೊಂಡಿದ್ದೆ.

ಮೊದಲು ಕೈಗೆ ಸಿಕ್ಕಿದ್ದು ಅವರು ದುಡಿದ ಡಬ್ಲ್ಯುಡಬ್ಲ್ಯುಇ ಕಂಪನಿಯದೇ ಸಾವಿನ ಪ್ರಕಟಣೆ. 1977ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಬಾರಿ ಮೈಕು ಹಿಡಿದರು. 1979ರ ಹೊತ್ತಿಗೆ ಪೂರ್ಣಾವಧಿ ಅನೌನ್ಸರ್ ಆದರು. 1980ರಲ್ಲಿ ಈಗಿನ ಕಂಪನಿ ಶುರುವಾದಾಗ ಅದರ ಮೊಟ್ಟಮೊದಲ ಉದ್ಯೋಗಿಯಾದರು. ಹುಟ್ಟಿದ್ದು 1950ರ ಜೂನ್ 7ರಂದು, ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ. 2009ರಲ್ಲಿ ಕಂಪನಿಯ ಹಾಲ್ ಆಫ್ ಫೇಮ್‌ಗೆ ಸೇರಿದರು. ಬಾಳಿನ ಗೆರೆ ಇಷ್ಟು ಚೊಕ್ಕವಾಗಿ ಸಿಕ್ಕಿತು. ಪಂದ್ಯಗಳ ಪಟ್ಟಿಗೆ ಕೈಹಾಕಿದಾಗಲೇ ತೊಡಕು ಶುರುವಾಯಿತು.

ಕುಸ್ತಿಯ ಫಲಿತಾಂಶಗಳನ್ನು ಅಭಿಮಾನಿಗಳು ದಶಕಗಳಿಂದ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ದಿನಾಂಕ, ಊರು, ಸಭಾಂಗಣ, ಗೆದ್ದವರು, ಸೋತವರು, ಎಷ್ಟು ನಿಮಿಷ, ಎಷ್ಟು ಜನ ಸೇರಿದ್ದರು ಎಲ್ಲವೂ ಇವೆ. ಕಾಮೆಂಟೇಟರುಗಳ ಹೆಸರೂ ಎಷ್ಟೋ ಕಡೆ ಇದೆ. ಫಲಿತಾಂಶ ಸಾರಿದವರ ಹೆಸರಿಗೆ ಮಾತ್ರ ಸಾಮಾನ್ಯವಾಗಿ ಕಾಲಮ್ಮೇ ಇಲ್ಲ. ಹಾಗಾಗಿ ಕಾಗದ ಬಿಟ್ಟು ಟೇಪಿಗೆ ಕಿವಿಗೊಡಬೇಕಾಯಿತು.

ಒಂದು ಟೇಪನ್ನು ಹತ್ತಿರದಿಂದ ನೋಡೋಣ. 1983ರ ಡಿಸೆಂಬರ್ 26, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. 1978ರ ಫೆಬ್ರವರಿಯಿಂದ ಚಾಂಪಿಯನ್ ಆಗಿದ್ದ ಬಾಬ್ ಬ್ಯಾಕ್ಲಂಡ್ ಎದುರು ಐರನ್ ಶೇಕ್. ಶೇಕ್ ತನ್ನ ಕ್ಯಾಮೆಲ್ ಕ್ಲಚ್ ಪಟ್ಟು ಹಾಕಿದ್ದಾನೆ: ಬೋರಲು ಬಿದ್ದ ಎದುರಾಳಿಯ ಬೆನ್ನ ಮೇಲೆ ಕೂತು ಗಲ್ಲಕ್ಕೆ ಕೈಕೊಟ್ಟು ಹಿಂದಕ್ಕೆ ಎಳೆಯುವ ಪಟ್ಟು. ಬ್ಯಾಕ್ಲಂಡ್ ಸೋಲೊಪ್ಪುತ್ತಿಲ್ಲ. ಅವರ ಭುಜ ನೆಲಕ್ಕೆ ತಾಗಿ ರೆಫರಿ ಮೂರು ಎಣಿಸಿದ್ದೂ ಇಲ್ಲ. ಅಷ್ಟರಲ್ಲಿ ಅವರ ಮ್ಯಾನೇಜರ್ ಆರ್ನಾಲ್ಡ್ ಸ್ಕಾಲಂಡ್ ಹೊರಗಿನಿಂದ ಟವೆಲ್ ಎಸೆಯುತ್ತಾರೆ. ಗಂಟೆ ಮೊಳಗುತ್ತದೆ. ಆರು ವರ್ಷಗಳ ಹತ್ತಿರಕ್ಕೆ ಬಂದಿದ್ದ ಪಟ್ಟ ಹೋಯಿತೇ, ಉಳಿಯಿತೇ? ಮೇಲಿನ ಸಾಲುಗಳಲ್ಲಿ ಕೂತವನಿಗೆ ಟವೆಲ್ ಕಂಡಿತೋ ಇಲ್ಲವೋ. ಅವನ ಪಾಲಿಗೆ ಪಟ್ಟ ಕೈಬದಲಾಗುವುದು ಫಿಂಕೆಲ್ ಅವರ ಮೈಕಿನಿಂದ ಮಾತು ಹೊರಟಾಗಲೇ. 28 ದಿನಗಳ ನಂತರ, 1984ರ ಜನವರಿ 23ರಂದು, ಅದೇ ಸಭಾಂಗಣದಲ್ಲಿ ಹಲ್ಕ್ ಹೋಗನ್ ಶೇಕ್‌ನನ್ನು ಸೋಲಿಸಿದಾಗಲೂ ಅದೇ ದನಿ ಹೊಸ ಚಾಂಪಿಯನ್ನನ ಹೆಸರು ಕೂಗಿತು.

ಈ ಕುಸ್ತಿಯಲ್ಲಿ ಗೆಲುವು ಸೋಲು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಈಗ ಗುಟ್ಟೇನಲ್ಲ. ಹಾಗಿರುವುದರಿಂದಲೇ ಘೋಷಣೆಗೆ ತೂಕ ಹೆಚ್ಚು. ಓಟದಲ್ಲಿ ಗಡಿಯಾರವಿದೆ, ಕ್ರಿಕೆಟ್ಟಿನಲ್ಲಿ ಸ್ಕೋರ್ ಪಟ್ಟಿಯಿದೆ. ಇಲ್ಲಿ ನಡೆದದ್ದು ನಿಜವಾಗುವುದು ಅದನ್ನು ಸಾರಿದ ಮೇಲೆ. ನಿಯಮವೂ ಹಾಗೆ ತಿರುಚಿಕೊಂಡಿತ್ತು: ಚಾಂಪಿಯನ್ ಅನರ್ಹನಾಗಿ ಸೋತರೆ ಅಥವಾ ರಿಂಗಿನ ಹೊರಗಿದ್ದಾಗ ಎಣಿಕೆ ಮುಗಿದು ಸೋತರೆ ಪಂದ್ಯ ಎದುರಾಳಿಯದು, ಬೆಲ್ಟು ಮಾತ್ರ ಚಾಂಪಿಯನ್ನನದೇ. ಅಂಥ ಹೊತ್ತಿನಲ್ಲಿ ಫಿಂಕೆಲ್ ಮೊದಲು ಗೆದ್ದವನ ಹೆಸರು ಹೇಳುತ್ತಿದ್ದರು, ಜನ ಕೇಕೆ ಹಾಕುತ್ತಿದ್ದರು. ಆಮೇಲೆ 'ಆದರೆ' ಎಂದು ಶುರುಮಾಡಿ ಚಾಂಪಿಯನ್ ಬದಲಾಗಿಲ್ಲ ಎನ್ನುತ್ತಿದ್ದರು, ಕೇಕೆ ಕೂಗಾಟವಾಗುತ್ತಿತ್ತು. ಈ 'ಆದರೆ'ಯ ಏಟು ತಿಂದು ತಿಂದು ಬಂದ ಪ್ರೇಕ್ಷಕನಿಗೆ 'ಆ್ಯಂಡ್' ಎಂದ ಕೂಡಲೇ ಉಸಿರು ಬಿಗಿಯಾಗುತ್ತಿತ್ತು. ಮುಂದೆ ಬರುವುದು 'ಸ್ಟಿಲ್' ಇರಬಹುದು, 'ನ್ಯೂ' ಇರಬಹುದು. ಅವರು ಎಳೆಯುತ್ತಿದ್ದುದು ಆ ಬಿಗಿಯಾದ ಉಸಿರನ್ನು.

ಇನ್ನೊಂದು ಶೋಧ ನನ್ನನ್ನು ಹೆಚ್ಚು ಕಾಡಿತು. ಈ ಕುಸ್ತಿಯ ಅತಿ ದೊಡ್ಡ ಹಬ್ಬಕ್ಕೆ 'ರಸಲ್‌ಮೇನಿಯಾ' ಎಂಬ ಹೆಸರನ್ನು, 'ಬೀಟಲ್‌ಮೇನಿಯಾ'ದ ಮಾದರಿಯಲ್ಲಿ, ಸೂಚಿಸಿದವರು ಫಿಂಕೆಲ್ ಎಂಬುದು ಆ ವಲಯದಲ್ಲಿ ಒಪ್ಪಿತವಾದ ಮಾತು. ಹಾಗಾದರೆ ಮೊದಲ ರಸಲ್‌ಮೇನಿಯಾಗಳ ಮುಖ್ಯ ಪಂದ್ಯಗಳಿಗೆ ಮೈಕು ಹಿಡಿದವರು ಯಾರು? 1985ರ ಮಾರ್ಚ್ 31ರಂದು ಮೊದಲನೆಯದರಲ್ಲಿ ಬಿಲ್ಲಿ ಮಾರ್ಟಿನ್. 1986ರಲ್ಲಿ ಲಾಸ್ ಏಂಜಲಿಸ್‌ನ ಪಂಜರದ ಪಂದ್ಯಕ್ಕೆ ಟಾಮಿ ಲಸೋರ್ಡಾ. 1987ರಲ್ಲಿ ಹೋಗನ್ ಮತ್ತು ಆಂದ್ರೆ ದಿ ಜೈಂಟ್ ಎದುರಾದಾಗ ಬಾಬ್ ಯೂಕರ್. 1988ರಲ್ಲಿ ಮತ್ತೆ ಯೂಕರ್. ಮಾರ್ಟಿನ್ ಮತ್ತು ಲಸೋರ್ಡಾ ಬೇಸ್‌ಬಾಲ್ ತಂಡಗಳ ಮ್ಯಾನೇಜರುಗಳಾಗಿ ಹೆಸರಾದವರು. ಯೂಕರ್ ಬೇಸ್‌ಬಾಲ್ ಆಡಿ, ಆಮೇಲೆ ರೇಡಿಯೊ ಟಿವಿಗಳಲ್ಲಿ ನಗಿಸಿದವರು. ಕುಸ್ತಿಯನ್ನು ಮಂದಿಯೆಲ್ಲ ನೋಡುವಂತೆ ಮಾಡಲು ಕಂಪನಿಗೆ ಹೊರಗಿನ ಪರಿಚಿತ ಮುಖಗಳು ಬೇಕಿದ್ದವು. ಹೆಸರಿಟ್ಟವರು ಬೇರೆ ಪಂದ್ಯಗಳನ್ನು ಸಾರಿದರು, ಮುಖ್ಯ ಪಂದ್ಯದ ಮೈಕು ಮಾತ್ರ ಅತಿಥಿಯ ಕೈಗೆ ಹೋಯಿತು. ಅಂದಿನ ಮುಖ್ಯ ಪಂದ್ಯದ ದಾಖಲೆಯಲ್ಲಿ ಅತಿಥಿಯ ಹೆಸರು ದಪ್ಪಕ್ಷರದಲ್ಲಿ ಉಳಿಯಿತು.

ತಮಾಷೆಯ ಪಾಲೂ ಅವರಿಗೇ ಬಂತು. 1993ರ ಏಪ್ರಿಲ್ 4ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ನಡೆದ ಒಂಬತ್ತನೆಯ ರಸಲ್‌ಮೇನಿಯಾದಲ್ಲಿ ಅವರನ್ನು ರೋಮನ್ನರ ಟೋಗಾ ಉಡಿಸಿ 'ಫಿಂಕಸ್ ಮ್ಯಾಕ್ಸಿಮಸ್' ಎಂದು ಕರೆದರು. ಆ ಸಂಜೆ ಕೆಲವೇ ನಿಮಿಷಗಳ ಅಂತರದಲ್ಲಿ ಚಾಂಪಿಯನ್ ಪಟ್ಟ ಎರಡು ಸಲ ಕೈಬದಲಾಯಿತು. 1995ರ ಜನವರಿಯಲ್ಲಿ ಹಾರ್ವಿ ವಿಪಲ್‌ಮನ್ ಎಂಬ ಮ್ಯಾನೇಜರ್ ಜೊತೆ ಟಕ್ಸಿಡೊ ಪಂದ್ಯಕ್ಕೇ ಇಳಿಸಿದರು. ಎದುರಾಳಿಯ ಸೂಟನ್ನು ಮೊದಲು ಕಿತ್ತುಹಾಕಿದವರು ಗೆದ್ದಂತೆ. ಫಿಂಕೆಲ್ ಗೆದ್ದರು. ಟೋಗಾದಲ್ಲಿ ನಿಂತಾಗಲೂ ಅವರ ಘೋಷಣೆಯಲ್ಲಿ ನಗೆ ಸುಳಿಯುವುದಿಲ್ಲ. ವೇಷ ಏನೇ ಇರಲಿ, ತೂಕ, ಊರು, ಹೆಸರು ಅದೇ ಗಾಂಭೀರ್ಯದಲ್ಲಿ ಬರುತ್ತವೆ.

ನಮ್ಮಲ್ಲಿ 90ರ ದಶಕದಲ್ಲಿ ಕೇಬಲ್ ಬಂದ ಮನೆಗಳಿಗೂ ಆ ದನಿ ಬಂತು, ಹೆಸರು ಬರಲಿಲ್ಲ. ಹುಡುಗರು ಡಬ್ಲ್ಯುಡಬ್ಲ್ಯುಎಫ್ (ಅದೇ ಕಂಪನಿಯ ಆಗಿನ ಹೆಸರು) ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಎತ್ತರ, ತೂಕ, ಎದೆಯಳತೆ, ಬೈಸೆಪ್ಸ್ ಎಂದು ಕೂಗುತ್ತ ಆಡಿದರು. ಟಿವಿಯಲ್ಲಿ ಆ ತೂಕವನ್ನು ಪೌಂಡುಗಳಲ್ಲಿ ಸಾರುತ್ತಿದ್ದವರು ಯಾರೆಂದು ಯಾವ ಕಾರ್ಡೂ ಹೇಳಲಿಲ್ಲ. ನ್ಯೂಯಾರ್ಕಿನ ಪ್ರೇಕ್ಷಕನಿಗೂ ಬೆಂಗಳೂರಿನ ಹುಡುಗನಿಗೂ ದಾಖಲೆಯ ವಿಷಯದಲ್ಲಿ ಅಷ್ಟರ ಮಟ್ಟಿಗೆ ವ್ಯತ್ಯಾಸವಿಲ್ಲ.

ಅಭಿಮಾನಿಗಳಿಗೆ ಮಾತ್ರ ಗೊತ್ತಿತ್ತು. 2011ರ ನವೆಂಬರ್ 20ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಿಎಂ ಪಂಕ್ ಚಾಂಪಿಯನ್ ಆಲ್ಬರ್ಟೊ ಡೆಲ್ ರಿಯೊ ಎದುರು ಇಳಿಯಬೇಕಿತ್ತು. ಡೆಲ್ ರಿಯೊಗೆ ತನ್ನದೇ ಒಬ್ಬ ಖಾಸಗಿ ಅನೌನ್ಸರ್ ಇದ್ದ. ಪಂಕ್ ತನ್ನ ಕಡೆಯಿಂದ ಫಿಂಕೆಲ್ ಅವರನ್ನು ಕರೆತಂದರು. ಆ ರಾತ್ರಿಯ ಟೇಪಿನಲ್ಲಿ ಜನ ಹೊಡೆದ ಚಪ್ಪಾಳೆ ಅಂದು ಪಂದ್ಯ ಆಡಲು ಬಂದಿರದ ವ್ಯಕ್ತಿಗೆ. ಆ ರಾತ್ರಿ ಪಂಕ್ ಗೆದ್ದು ಚಾಂಪಿಯನ್ ಆದರು.

ಒಂಬತ್ತು ವರ್ಷ ಕಳೆಯುವ ಮೊದಲೇ ಫಿಂಕೆಲ್ ಹೋದರು. ಆಗ ಕೋವಿಡ್ ಕಾಲ. 2020ರ ಮಾರ್ಚ್ ನಡುವಿನಿಂದ ಕಂಪನಿಯ ಪಂದ್ಯಗಳು ಫ್ಲಾರಿಡಾದ ಒರ್ಲಾಂಡೊದ ತರಬೇತಿ ಕೇಂದ್ರದಲ್ಲಿ ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದವು. ಆ ವರ್ಷದ ರಸಲ್‌ಮೇನಿಯಾವೂ ಖಾಲಿ ಕುರ್ಚಿಗಳ ಮುಂದೆಯೇ ಮುಗಿದಿತ್ತು. ಈ ಕುಸ್ತಿಯಲ್ಲಿ ಸತ್ತವರಿಗೆ ಹತ್ತು ಬಾರಿ ಗಂಟೆ ಬಾರಿಸುವ ಪದ್ಧತಿಯಿದೆ, ಸಭಾಂಗಣವಿಡೀ ಎದ್ದು ನಿಲ್ಲುತ್ತದೆ. ಎದ್ದು ನಿಲ್ಲಲು ಅಂದು ಯಾರೂ ಇರಲಿಲ್ಲ. ಅಷ್ಟೊಂದು ಜನ ಮನೆಯಲ್ಲೇ ಕೂತು ಆ ಎರಡು ಶಬ್ದ ಎಳೆದು ಬರೆದದ್ದರ ಅರ್ಥ ನನಗೆ ಇಲ್ಲಿ ಹೊಳೆಯಿತು. ದಾಖಲೆಯವರು ಬಿಟ್ಟ ಕಾಲಮ್ಮನ್ನು ಅವರು ನೆನಪಿನಿಂದ ತುಂಬುತ್ತಿದ್ದರು.

ನನ್ನ ಪಟ್ಟಿ ಮುಗಿದಿಲ್ಲ. ಕುಸ್ತಿಯ ಫಲಿತಾಂಶ ಬರೆದಿಡುವವರಲ್ಲಿ ಒಂದು ಕೋರಿಕೆ: ಇನ್ನೊಂದು ಕಾಲಮ್ ಸೇರಿಸಿ, 'ಸಾರಿದವರು' ಎಂದು ಬರೆಯಿರಿ. ಟೇಪು ಉಳಿದಿರುವ ಕಡೆ ಕೇಳಿ ತುಂಬಿ, ಇಲ್ಲದ ಕಡೆ ಖಾಲಿ ಬಿಡಿ. ಊಹಿಸಿ ತುಂಬಬೇಡಿ, ಒಂದೊಂದು ಪೌಂಡನ್ನೂ ಬಿಡದೆ ಸಾರಿದವರ ಲೆಕ್ಕಕ್ಕೆ ಅದು ಒಪ್ಪುವುದಿಲ್ಲ.